ತಳವಾರಘಟ್ಟದ ಕಡವು

ತುಂಗಭದ್ರೆಯ ದಕ್ಷಿಣ ದಂಡೆಯ ಹಂಪಿಗೂ ಉತ್ತರ ದಂಡೆಯ ಆನೆಗೊಂದಿಗೂ ನಡುವೆ ಇರುವ ಹಳೆಯ ಹರಿಗೋಲು ಕಡವು. ಈಗಿನ ಆಡಳಿತ ಗಡಿಯಂತೆ ದಕ್ಷಿಣದ ದಂಡೆ ವಿಜಯನಗರ ಜಿಲ್ಲೆಗೂ ಉತ್ತರದ ದಂಡೆ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೂ ಸೇರಿವೆ. ಹಂಪಿ ಪೇಟೆಯ ಹತ್ತಿರ ವಿರೂಪಾಪುರಗಡ್ಡೆಗೆ ದಾಟಿಸುವ ಕಡವು ಬೇರೆ, ಇದು ಬೇರೆ. ಪ್ರವಾಸಿ ಬರಹಗಳಲ್ಲೂ ಪತ್ರಿಕಾ ವರದಿಗಳಲ್ಲೂ ಇವೆರಡು ಕಲೆತುಹೋಗಿರುವುದರಿಂದ ಮುಂದೆ ಹೇಳುವ ಸೇತುವೆಗಳ ಕಥೆಯೂ ಗೋಜಲಾಗಿದೆ.

ಊರ ಕಾವಲಿನವನನ್ನು ತಳವಾರ ಎನ್ನುತ್ತಾರೆ. ನದಿ ದಾಟಿ ಬಂದವರು ರಾಜಧಾನಿಯ ಒಳಗೆ ಕಾಲಿಡುತ್ತಿದ್ದ ಕೋಟೆ ಬಾಗಿಲಿಗೂ ತಳವಾರಘಟ್ಟವೆಂದೇ ಹೆಸರು. ಕಲ್ಲಿನ ಗೋಡೆಗಳ ಮೇಲೆ ಇಟ್ಟಿಗೆ ಗಾರೆಯ ಮೇಲಂತಸ್ತಿನ ಅವಶೇಷ ಹೊತ್ತ ಈ ಬಾಗಿಲಿನ ಒಳಗಿಂದಲೇ ಕಡವಿನ ದಾರಿ ಇಂದಿಗೂ ಸಾಗುತ್ತದೆ.

ಹದಿನಾರನೆಯ ಶತಮಾನದ ಸಾಕ್ಷ್ಯ. ಇಲ್ಲಿನ ದಾಟುವಿಕೆಯನ್ನು ಕಣ್ಣಿಗೆ ಕಟ್ಟುವಂತೆ ಬರೆದಿಟ್ಟವನು 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್. ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿಗೆ ತಂದ ಮೇಲೆ ಆ ಬರಹ ಎಲ್ಲರಿಗೂ ದೊರೆಯಿತು. ಆನೆಗೊಂದಿ ಹಿಂದೊಮ್ಮೆ ರಾಜಧಾನಿಯಾಗಿತ್ತೆಂದು ಜನ ಹೇಳುತ್ತಿದ್ದುದನ್ನು ಪಾಯೆಸ್ ದಾಖಲಿಸುತ್ತಾನೆ. ತಾನು ಕಂಡಾಗ ಅಲ್ಲಿ ವಾಸವಿದ್ದವರು ಕಡಿಮೆ ಎನ್ನುತ್ತಾನೆ. ಅಲ್ಲಿಗೆ ಹೋಗುವುದು ಬುಟ್ಟಿಯಂತೆ ದುಂಡಗಿನ ದೋಣಿಗಳಲ್ಲಿ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ. ಅಗತ್ಯ ಬಿದ್ದರೆ ಕುದುರೆ, ಎತ್ತುಗಳನ್ನೂ ಹತ್ತಿಸಬಹುದಿತ್ತಾದರೂ ಅವು ಹೆಚ್ಚಾಗಿ ಈಜಿಯೇ ದಾಟುತ್ತಿದ್ದವು. ದೋಣಿ ನೇರ ಸಾಗದೆ ಸುತ್ತುತ್ತಲೇ ಹೋಗುತ್ತದೆಂಬ ಮಾತನ್ನೂ ಆತ ಬಿಟ್ಟಿಲ್ಲ. ಹರಿಗೋಲಿನಲ್ಲಿ ಒಮ್ಮೆ ಕೂತವರಿಗೆ ಈ ವಿವರಣೆಯ ನಿಖರತೆ ಕೂಡಲೇ ಮನಸ್ಸಿಗೆ ಬರುತ್ತದೆ.

ಕಲ್ಲುಕಂಬಗಳ ಪ್ರಶ್ನೆ. ಕಡವಿನಿಂದ ಹೊಳೆಯ ಮೇಲ್ಭಾಗಕ್ಕೆ, ವಿಠ್ಠಲ ದೇವಾಲಯದ ಹತ್ತಿರ, ನದಿಯ ಪಾತ್ರದಲ್ಲಿ ಕಲ್ಲುಕಂಬಗಳ ಸಾಲು ನಿಂತಿದೆ. ಇದು ವಿಜಯನಗರ ಕಾಲದ ಸೇತುವೆಯ ಅವಶೇಷ. ಹದಿನಾಲ್ಕನೆಯ ಶತಮಾನದ ಕಂಪಭೂಪನ ಹೆಸರಿಗೆ ಇದನ್ನು ಸೇರಿಸುವ ಕೈಪಿಡಿಗಳಿವೆ. ಸೇತುವೆ ಅಷ್ಟು ಹಳೆಯದಾಗಿದ್ದರೆ, ಆನೆಗೊಂದಿಯ ದಾರಿಯನ್ನು ಇಷ್ಟು ವಿವರವಾಗಿ ಹೇಳುವ ಪಾಯೆಸ್ ದೋಣಿಯ ಮಾತನ್ನಷ್ಟೇ ಏಕೆ ಆಡುತ್ತಾನೆ? ಅವನ ಮೌನವೊಂದನ್ನೇ ನೆಚ್ಚಿ ಸೇತುವೆ ಆಗ ಇರಲಿಲ್ಲ ಎನ್ನಲಾಗದು. ಆದರೆ ಸೇತುವೆ ಕಟ್ಟಿದ ಮೇಲೆ ಕಡವು ನಿಂತುಹೋಯಿತು ಎಂಬ ಸರಳ ಕಲ್ಪನೆಗೆ ಅವನ ಬರಹ ಒಪ್ಪುವುದಿಲ್ಲ. ರಾಜಧಾನಿ ಉಚ್ಛ್ರಾಯದಲ್ಲಿದ್ದಾಗಲೂ ಅಂಬಿಗರ ಕೈಗೆ ಕೆಲಸವಿತ್ತು.

1565ರಲ್ಲಿ ರಾಜಧಾನಿ ಹಾಳಾದ ಬಳಿಕ ಕಡವು ಹಳ್ಳಿಗರದೂ ಯಾತ್ರಿಕರದೂ ಆಗಿ ಉಳಿಯಿತು. ವ್ಯಾಸರಾಯರೂ ಸೇರಿ ಒಂಬತ್ತು ಮಾಧ್ವ ಯತಿಗಳ ಬೃಂದಾವನಗಳಿರುವ ನಡುಗಡ್ಡೆ, ನವಬೃಂದಾವನ, ಆನೆಗೊಂದಿಯ ಹತ್ತಿರವೇ ಇದೆ. ಹರಿಗೋಲಿನ ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದವು; ಬಿದಿರಿನ ಸೀಳುಗಳನ್ನು ಹೆಣೆಯುವ ಬಗೆ ಉಳಿಯಿತು. ಅಂಬಿಗ ಅಂಚಿನಲ್ಲಿ ನಿಂತು ಹುಟ್ಟನ್ನು ತನ್ನತ್ತ ಸೆಳೆಯುತ್ತಾನೆ. ನಡುವೆ ಒಂದು ಮೋಟಾರ್ ಸೈಕಲ್ಲು, ಅದರ ಸುತ್ತ ಮೊಣಕಾಲು ಮಡಚಿ ಕೂತ ಜನ.

ಮನ್ನಣೆಯೂ ಸೇತುವೆಯೂ. ಹಂಪಿಯ ಸ್ಮಾರಕ ಸಮೂಹ 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಡವಿನ ಚರಿತ್ರೆಯ ತಿರುವು ಮಾತ್ರ 1990ರ ದಶಕದ್ದು. ಆಗ ಎರಡು ತೂಗುಸೇತುವೆಗಳ ಕೆಲಸ ಶುರುವಾಯಿತು: ವಿರೂಪಾಪುರಗಡ್ಡೆಗೆ ಕಾಲ್ಸೇತುವೆ, ತಳವಾರಘಟ್ಟದಲ್ಲಿ ವಾಹನ ಸೇತುವೆ. ಪರಂಪರೆಯ ನೆಲದೊಳಗೆ ಇವು ಏಳುತ್ತಿರುವುದನ್ನು ಮುಖ್ಯ ಕಾರಣವಾಗಿಸಿ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಲಾಯಿತು. ಕಾಲ್ಸೇತುವೆಯನ್ನು ಕಳಚಿದರು. ತಳವಾರಘಟ್ಟದ ಕೆಲಸ ವರ್ಷಗಟ್ಟಲೆ ನಿಂತಿತು. ಹಂಪಿ ಅಪಾಯದ ಪಟ್ಟಿಯಿಂದ ಹೊರಬಂದದ್ದು 2006ರಲ್ಲಿ.

ಈ ವಿವಾದವನ್ನು ಪರಂಪರೆ ಉಳಿಸುವವರಿಗೂ ಕೆಡಿಸುವವರಿಗೂ ನಡೆದ ಜಗಳವೆಂದು ಬರೆಯುವುದು ಆನೆಗೊಂದಿಯವರಿಗೆ ಅನ್ಯಾಯ. ಎದುರು ದಡ ಕಣ್ಣೆದುರೇ ಇದ್ದರೂ, ಹೊತ್ತು ಮುಳುಗಿ ಹರಿಗೋಲು ನಿಂತ ಮೇಲೆ, ಹೊಳೆ ತುಂಬಿದ ದಿನಗಳಲ್ಲಿ, ಹೊಸಪೇಟೆಯ ಆಸ್ಪತ್ರೆಗೆ ಹೊರಟವರು ಹತ್ತಾರು ಕಿಲೊಮೀಟರ್ ಸುತ್ತಬೇಕಿತ್ತು. ಅವರು ಸೇತುವೆ ಕೇಳಿದ್ದು ಅದಕ್ಕಾಗಿ.

ಕೆಲಸ ಮತ್ತೆ ಆರಂಭವಾಗಿ ಮುಗಿಯುವ ಹಂತಕ್ಕೆ ಬಂದಿದ್ದಾಗ, 2009ರ ಜನವರಿ 22ರಂದು, ಸೇತುವೆ ಕುಸಿದು ನದಿಗೆ ಬಿತ್ತು. ಮೇಲೆ ದುಡಿಯುತ್ತಿದ್ದ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಹಂಪಿಯ ಕುರಿತ ಅನೇಕ ಬರಹಗಳಲ್ಲಿ ಈ ಸಾವುಗಳಿಗೆ ಒಂದು ಸಾಲೂ ಸಿಕ್ಕಿಲ್ಲ. ಕಡವಿನ ಚರಿತ್ರೆಯಲ್ಲಿ ಅವಕ್ಕೆ ಜಾಗ ಸಲ್ಲಲೇಬೇಕು. ಮುಂದೆ ವಾಹನ ಸಂಚಾರಕ್ಕಾಗಿ ಹೊಳೆಯ ಕೆಳಭಾಗದಲ್ಲಿ ಬುಕ್ಕಸಾಗರ–ಕಡೇಬಾಗಿಲು ಸೇತುವೆ ಆಯಿತು.

ಕಡವಿಗೆ ಸಿಕ್ಕಿರುವ ಮನ್ನಣೆ ಬಹುಮಟ್ಟಿಗೆ ಸುತ್ತಲಿನ ನೆಲದ ಮೂಲಕ ಬಂದದ್ದು. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ 2002ರ ಕಾಯ್ದೆ ಎರಡೂ ದಂಡೆಗಳ ಹಳ್ಳಿಗಳನ್ನು ಒಂದೇ ಆಡಳಿತದಡಿ ತಂದಿತು. ಕಲ್ಲಿನ ಕಟ್ಟಡಗಳ ಜೊತೆ ನದಿ, ಗದ್ದೆ, ಕಾಲುವೆ, ಜನವಸತಿಗಳನ್ನೂ ಪರಂಪರೆಯಾಗಿ ಕಾಣುವ ದೃಷ್ಟಿ ಆ ಬಳಿಕ ಬಲಗೊಂಡಿತು. ಇಷ್ಟಾದರೂ ಪ್ರವಾಸಿಗರ ಕೈಪಿಡಿಗಳಲ್ಲಿ ವರ್ಣನೆ ಪಡೆಯುವುದು ತಳವಾರಘಟ್ಟದ ಬಾಗಿಲು. ಹರಿಗೋಲು ಹೆಣೆಯುವ, ನಡೆಸುವ ಕೈಗಳ ವಿವರ ವಿರಳ. ಪಾಯೆಸ್ ಕಂಡದ್ದು ಆ ಕೈಕೆಲಸವನ್ನೇ.

ಮೇಲಿನ ತುಂಗಭದ್ರಾ ಜಲಾಶಯ 1953ರಲ್ಲಿ ಆದಂದಿನಿಂದ ಹೊಳೆಯ ಏರಿಳಿತ ಬಹುಪಾಲು ಅಣೆಕಟ್ಟೆಯ ಬಾಗಿಲುಗಳಿಗೆ ಸೇರಿದ್ದು. ನೀರು ಹೆಚ್ಚಾಗಿ ಬಿಟ್ಟ ದಿನಗಳಲ್ಲಿ ಕಡವು ನಿಲ್ಲುತ್ತದೆ. ಹರಿಗೋಲುಗಳನ್ನು ದಡದ ಬಂಡೆಗಳ ಮೇಲೆಳೆದು ಬೋರಲು ಹಾಕುತ್ತಾರೆ.