ಹುಲ್ಲುಮಾಡಿನಿಂದ ತಾರಸಿಯವರೆಗೆ: ನಮ್ಮ ಮನೆಗಳ ಚರಿತ್ರೆ

ನಮ್ಮ ಇಗರ್ಜಿಯ ನೂರು ವರ್ಷಗಳ ಚರಿತ್ರೆಯನ್ನು ಈ ಸ್ಮರಣ ಸಂಚಿಕೆಯ ಬೇರೆ ಪುಟಗಳಲ್ಲಿ ಬಲ್ಲವರು ಬರೆದಿದ್ದಾರೆ. ಗೋಪುರ, ಘಂಟೆ, ಪೀಠಗಳ ವಿವರಗಳು ಅಲ್ಲಿ ದೊರೆಯುತ್ತವೆ. ನಾವು ಆರಿಸಿಕೊಂಡಿರುವುದು ಇಗರ್ಜಿಯ ಘಂಟಾನಾದ ಕೇಳಿಸುವಷ್ಟು ದೂರದಲ್ಲಿರುವ ಮನೆಗಳ ಚರಿತ್ರೆಯನ್ನು. ಮನೆಗಳಿಗೂ ಚರಿತ್ರೆಯುಂಟೇ ಎಂದು ಯಾರಾದರೂ ಕೇಳಿಯಾರು. ಮನೆಮನೆಗಳ ಆಶೀರ್ವಾದಕ್ಕೆಂದು ಪ್ರತಿವರ್ಷ ವಾರ್ಡು ವಾರ್ಡು ಅಲೆಯುವ ವಿಚಾರಣಾ ಗುರುವಿಗೆ ಈ ಸಂಶಯ ಬರುವುದಿಲ್ಲ. ತೀರ್ಥ ಪ್ರೋಕ್ಷಿಸುತ್ತ ಕೋಣೆಯಿಂದ ಕೋಣೆಗೆ ನಡೆಯುವಾಗ ಒಂದೊಂದು ಗೋಡೆಯೂ ಯಾವ ಕಾಲದಲ್ಲಿ, ಯಾವ ದುಡಿಮೆಯ ಹಣದಿಂದ ಎದ್ದಿತೆಂಬುದು ತಾನಾಗಿಯೇ ಗೋಚರವಾಗುತ್ತದೆ.

1784ರಲ್ಲಿ ಕೆನರಾದ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟ ಸಂಗತಿಯನ್ನು ವಾಚಕರಿಗೆ ನಾವು ಹೇಳಬೇಕಾಗಿಲ್ಲ. 1799ರಲ್ಲಿ ಬಿಡುಗಡೆಗೊಂಡು ಮರಳಿದವರಿಗೆ ಇಗರ್ಜಿಗಳೂ ಇರಲಿಲ್ಲ, ಮನೆಗಳೂ ಇರಲಿಲ್ಲ. ಹದಿನೈದು ಮಳೆಗಾಲಗಳನ್ನು ಮಾಡಿಲ್ಲದೆ ಕಳೆದ ಮಣ್ಣಿನ ಗೋಡೆ ಏನಾಗಿರುತ್ತದೆಂಬುದನ್ನು ಕರಾವಳಿಯವರು ಊಹಿಸಬಲ್ಲರು. ಆದುದರಿಂದ ನಮ್ಮ ಪೂರ್ವಿಕರ ಮನೆಯ ಚರಿತ್ರೆ ಬಹುಮಟ್ಟಿಗೆ ಆ ವರ್ಷದಿಂದಲೇ ಹೊಸದಾಗಿ ಆರಂಭವಾಗುತ್ತದೆ.

ಆ ಮೊದಲ ಮನೆಗಳು ಮಣ್ಣಿನ ಗೋಡೆಯವು; ಮೇಲೆ ಮುಳಿಹುಲ್ಲು, ಬೈಹುಲ್ಲು ಅಥವಾ ತೆಂಗಿನ ಮಡಲಿನ ಹೊದಿಕೆ. ವರ್ಷವೂ ಏಪ್ರಿಲ್, ಮೇ ತಿಂಗಳಿನಲ್ಲಿ ಹೊಸದಾಗಿ ಹೊದಿಸದಿದ್ದರೆ ಜೂನ್ ತಿಂಗಳ ಮಳೆ ಒಳಗೇ ಸುರಿಯುತ್ತಿತ್ತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಸೀಮೆ ನಮ್ಮದು. ಕಿಡಿಯೊಂದು ಹಾರಿದರೆ ಹುಲ್ಲುಮಾಡಿಗೆ ಬೆಂಕಿ. ಈ ಭಯದಿಂದಲೇ ಅನೇಕರು ಅಡುಗೆಯ ಕೊಟ್ಟಿಗೆಯನ್ನು ಮನೆಯಿಂದ ಬೇರೆಯಾಗಿ ಕಟ್ಟುತ್ತಿದ್ದರು. ಅನುಕೂಲವಿದ್ದವರು ಮುರಕಲ್ಲಿನ ಗೋಡೆ ಎಬ್ಬಿಸಿದರು. ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಈ ಕೆಂಪುಕಲ್ಲಿಗೆ 'ಲ್ಯಾಟರೈಟ್' ಎಂಬ ಹೆಸರನ್ನಿತ್ತವನು 1801ರಲ್ಲಿ ನಮ್ಮ ಜಿಲ್ಲೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್. ಅವನ ಪ್ರವಾಸಗ್ರಂಥ 1807ರಲ್ಲಿ ಪ್ರಕಟವಾಯಿತು. ಹೆಸರು ಹೊಸದಾದರೂ ಕಲ್ಲು ಕಡಿಯುವ ವಿದ್ಯೆ ನಮ್ಮವರಿಗೆ ಮೊದಲೇ ಕರಗತವಾಗಿತ್ತು. ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣವೇ ಅಂದಿನ ಗಾರೆ.

ಮನೆಯ ರೂಪವನ್ನೇ ಬದಲಿಸಿದ ವಸ್ತುವೆಂದರೆ ಹಂಚು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಪ್ರಾಟೆಸ್ಟಂಟರು. ಧರ್ಮಬೋಧೆಯಲ್ಲಿ ನಮಗೂ ಅವರಿಗೂ ಅಂತರವಿದ್ದಿತು. ಆದರೆ ನಮ್ಮ ಅಜ್ಜಂದಿರ ತಲೆಯ ಮೇಲಿನ ಮಾಡಿಗಾಗಿ ಅವರಿಗೆ ನಾವು ಋಣಿಗಳೆಂಬುದನ್ನು ಹೇಳದಿರುವುದು ಕೃತಘ್ನತೆಯಾದೀತು. ಆ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಒಂದಕ್ಕೊಂದು ಕಚ್ಚಿಕೊಳ್ಳುವ ಚಪ್ಪಟೆ ಹಂಚಿನ ಕಲ್ಪನೆ ಫ್ರಾನ್ಸ್ ದೇಶದ ಅಲ್ಸಾಸ್ ಪ್ರಾಂತದ ಗಿಲಾರ್ಡೋನಿ ಸಹೋದರರದು. ಅವರು ಅದನ್ನು 1841ರಲ್ಲಿ ರೂಪಿಸಿದ್ದರು. ನಮ್ಮ ಹೊಳೆಗಳ ಜೇಡಿಮಣ್ಣು ಆ ಅಚ್ಚಿಗೆ ಚೆನ್ನಾಗಿ ಒಗ್ಗಿತು. ಕುಂಬಾರನ ಅರೆಕೊಳವೆಯ ಹಂಚಿಗಿಂತ ಇದು ಹಗುರವಾದ ಹೊದಿಕೆ. ಒಂದು ಚದರ ಮೀಟರಿಗೆ ಹದಿನೈದರಷ್ಟು ಸಾಕು. ಬೆಕ್ಕು, ಮಂಗಗಳು ಓಡಾಡಿದರೆ ಜಾರುವುದು ಅಪರೂಪ. ಒಂದು ಒಡೆದರೆ ಅದೊಂದನ್ನೇ ತೆಗೆದು ಬೇರೊಂದನ್ನು ಕೂರಿಸಬಹುದು. ಮುಂದೆ 1868ರಲ್ಲಿ ನಮ್ಮವರೇ ಆದ ಅಲ್ಬುಕರ್ಕ್ ಮನೆತನದವರು ಇದೇ ಉದ್ಯಮಕ್ಕೆ ಕೈಹಾಕಿದರು. ಮೊದಲ ಮಹಾಯುದ್ಧದ ನಂತರ ಬಾಸೆಲ್ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು.

ಇಲ್ಲಿ ಒಂದು ತಪ್ಪುಗ್ರಹಿಕೆಯನ್ನು ತಿದ್ದಬೇಕಾಗಿದೆ. ನಮ್ಮ ಧರ್ಮಕೇಂದ್ರದ ಹಲವು ಕುಟುಂಬದವರು ಮಾಡಿನ ಹಂಚೊಂದನ್ನು ಇಳಿಸಿ ತಂದು, ಅದರ ಬೆನ್ನಿನ ಮೇಲಿನ 1865 ಎಂಬ ಅಂಕೆಯನ್ನು ತೋರಿಸಿ, "ಇದೇ ನಮ್ಮ ಮನೆ ಕಟ್ಟಿದ ವರ್ಷ" ಎಂದು ನಮಗೆ ಹೇಳಿದ್ದುಂಟು. ಅದು ಕಾರ್ಖಾನೆ ಸ್ಥಾಪನೆಯಾದ ವರ್ಷ. ಬಹುಕಾಲದ ನಂತರ ತಯಾರಾದ ಹಂಚುಗಳ ಮೇಲೂ ಅದೇ ಮುದ್ರೆ ಇರುತ್ತದೆ. ಮನೆಯ ವಯಸ್ಸನ್ನು ಹಂಚಿನಿಂದ ಎಣಿಸಲಾಗದು.

ಹಂಚು ಬಂದುದರಿಂದ ಒಳಗಿನ ವಿನ್ಯಾಸವೂ ಹಿಗ್ಗಿತು. ಹಲಸು, ಬೋಗಿ, ತೇಗದ ಪಕ್ಕಾಸುಗಳ ಮೇಲೆ ರೀಪು ಹೊಡೆದು ಎತ್ತರದ ಮಾಡು ಕಟ್ಟಿದಾಗ ಕೋಣೆಗಳು ಅಗಲವಾದವು, ಕಿಟಕಿಗಳು ದೊಡ್ಡವಾದವು. ಮರದ ಮುಚ್ಚಿಗೆಯ ಮೇಲಣ ಅಟ್ಟದಲ್ಲಿ ಭತ್ತ, ಸೌತೆ, ಹಳೆಯ ತೊಟ್ಟಿಲು. ನಡುನಡುವೆ ಕೂರಿಸಿದ ಗಾಜಿನ ಹಂಚಿನಿಂದ ಬೆಳಕಿನ ಕೋಲೊಂದು ನೆಲಕ್ಕೆ ಇಳಿದು, ಹೊತ್ತು ಹೋದಂತೆ ಗೋಡೆ ಹತ್ತುವುದು. ಮುಂದೆ ಜಗಲಿ ಮತ್ತು ಕುಳಿತುಕೊಳ್ಳುವ 'ಸೊಪೊ', ಒಳಗೆ 'ಸಾಲ್'. ಈ ಸಾಲ್, ಜನೆಲ್, ಚಾವಿ ಎಂಬ ಮಾತುಗಳೆಲ್ಲ ಪೋರ್ಚುಗೀಸರಿಂದ ಬಂದವು. ಮಣ್ಣು ನಮ್ಮದು, ಹಂಚು ಜರ್ಮನ್ ಮಾತಿನವರದು, ಹೆಸರು ಪೋರ್ಚುಗೀಸರದು!

ಸಾಲಿನ ಗೋಡೆಯಲ್ಲಿ, ಮುಂಬಾಗಿಲಿಗೆ ಎದುರಾಗಿ 'ಆಲ್ತಾರ್'. ಸಂಜೆಯ ಘಂಟೆಯ ನಂತರ ಅದರ ಮುಂದೆ ಜಪಸರ. ಮುಗಿದೊಡನೆ ಮಕ್ಕಳು ಸಾಲಾಗಿ ಹಿರಿಯರಿಂದ 'ಬೆಸಾಂವ್' ಬೇಡುವುದು. ಮೊಂತಿ ಫೆಸ್ತಿನ ಹೊಸ ತೆನೆಯೂ ಅಲ್ಲಿಯೇ. ಮನೆಮಂದಿಯೆಲ್ಲ ಮೊಣಕಾಲೂರಲು ಸ್ಥಳ ಬೇಕಾದುದರಿಂದ ಸಾಲನ್ನು ವಿಶಾಲವಾಗಿ ಕಟ್ಟಿದರು. ವಾಸ್ತುಶಿಲ್ಪಿಯಿಲ್ಲದೆ, ನಕ್ಷೆಯಿಲ್ಲದೆ, ಮೇಸ್ತ್ರಿಯ ಅಂದಾಜಿನಿಂದ ಎದ್ದ ಮನೆಗಳಿವು. ಆದರೂ ಅವುಗಳಿಗೆ ಒಂದು ನಡುಭಾಗವಿತ್ತು.

ಇಷ್ಟನ್ನು ಹೊಗಳಿ ಉಳಿದುದನ್ನು ಮರೆಮಾಚುವುದು ಚರಿತ್ರೆಯಲ್ಲ. ಜಗಲಿಯ ಮೇಲೆ ಕೂರುವವರು ಕೆಲವರಾದರೆ, ಅಂಗಳದಲ್ಲಿಯೇ ನಿಂತು ಗೇಣಿಯ ಮಾತಾಡಿ ಹಿಂತಿರುಗಿದವರು ಅನೇಕರು. ಅವರಲ್ಲಿಯೂ ನಮ್ಮ ಧರ್ಮಕೇಂದ್ರದವರಿದ್ದರು. ಇಗರ್ಜಿ ಸ್ಥಾಪನೆಯಾದ ಕಾಲಕ್ಕೆ ಹಂಚಿನ ಮನೆ ಉಳ್ಳವರ ಗುರುತು. ಒಕ್ಕಲುಗಳದು ಇನ್ನೂ ಹುಲ್ಲುಮಾಡು. ಹೊಗೆ ತುಂಬಿದ ಅಡುಗೆಮನೆಯಲ್ಲಿ ಕಣ್ಣುರಿಸಿಕೊಂಡ ಸ್ತ್ರೀಯರನ್ನು ಕೇಳಿದರೆ ಹಳೆಯ ಮನೆಯ ಕಥೆ ಬೇರೆಯೇ ಆದೀತು.

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವನು ಒಡೆಯನಾದನು. ಒಕ್ಕಲು ಮನೆಗಳು ಹಂಚು ಕಂಡದ್ದು ಆ ಬಳಿಕ. ದೊಡ್ಡ ಮನೆಗಳು ಸೋರತೊಡಗಿದ್ದೂ ಆ ಬಳಿಕವೇ. ಅದೇ ದಶಕದಲ್ಲಿ ಕೊಲ್ಲಿ ರಾಷ್ಟ್ರಗಳ ಬಾಗಿಲು ತೆರೆಯಿತು. ಅದಕ್ಕೂ ಮುಂಚೆ ಮುಂಬಯಿಯ ಹಣ ಬರುತ್ತಿದ್ದಿತಾದರೂ ಅದು ಮಾಡು ದುರಸ್ತಿಗೆ ಸಾಲುತ್ತಿತ್ತು, ಅಷ್ಟೇ. ಕುವೈತ್, ದುಬಾಯಿಗಳ ಹಣ ತಾರಸಿಯನ್ನು ತಂದಿತು.

ತಾರಸಿಯ ವಿಷಯದಲ್ಲಿ ನಾವೂ ನಿರ್ದೋಷಿಗಳಲ್ಲ. ಹಿಂದೆ ನಾವು ಸೇವೆ ಸಲ್ಲಿಸಿದ ಧರ್ಮಕೇಂದ್ರವೊಂದರಲ್ಲಿ ಗುರುನಿವಾಸದ ಹಂಚನ್ನು ಇಳಿಸಿ, ಮುರಕಲ್ಲಿನ ಹಳೆಯ ಗೋಡೆಗಳ ಸುಣ್ಣದ ಗಾರೆಯನ್ನು ಕೆತ್ತಿ ಸಿಮೆಂಟು ಬಳಿಸಿ, ಮೇಲೆ ಸಮತಟ್ಟಾದ ಕಾಂಕ್ರೀಟು ಹಾಕಿಸಿದೆವು. ಉದ್ಘಾಟನೆಯ ದಿನ ಎಲ್ಲರೂ ಮೆಚ್ಚಿದರು. ಎರಡನೆಯ ಮಳೆಗಾಲಕ್ಕೆ ಸೋರಿತು. ಮುರಕಲ್ಲು ನೀರನ್ನು ಹೀರುವ ಕಲ್ಲು. ಸುಣ್ಣದ ಗಾರೆ ಅದನ್ನು ಮೆಲ್ಲಗೆ ಆರಗೊಡುತ್ತದೆ, ಸಿಮೆಂಟು ಒಳಗೇ ಹಿಡಿದಿಡುತ್ತದೆ. ಗೋಡೆಗಳು ಬೂಸಲು ಹಿಡಿದವು. ಬೇಸಗೆಯ ರಾತ್ರಿಗಳಲ್ಲಿ ಹಗಲಿಡೀ ಕಾದ ಕಾಂಕ್ರೀಟಿನ ಕೆಳಗೆ ನಿದ್ರೆ ಬಾರದೆ ನಾವು ಜಗಲಿಯಲ್ಲಿ ಮಲಗಿದೆವು. ಕಡೆಗೆ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಇಳಿಜಾರಾದ ತಗಡಿನ ಮಾಡು ಕಟ್ಟಿಸಬೇಕಾಯಿತು. ಮಾಡಿನ ಮೇಲೊಂದು ಮಾಡು! ಇಂದು ನಮ್ಮ ಊರಿನಲ್ಲಿಯೂ ಈ ಇಮ್ಮಡಿ ಮಾಡುಗಳು ಎಷ್ಟಿವೆಯೆಂಬುದನ್ನು ವಾಚಕರೇ ಎಣಿಸಿಕೊಳ್ಳಬಹುದು.

ಅಂಗಳದ್ದೂ ಇದೇ ಕಥೆ. ಸೆಗಣಿ ಸಾರಿಸಿದ ಅಂಗಳ ಭತ್ತ ಒಕ್ಕಲು, ಅಡಿಕೆ ಒಣಗಿಸಲು, ಮದುವೆಯ ರೋಸಿನ ಚಪ್ಪರಕ್ಕೆ ಬೇಕಾಗಿತ್ತು. ಈಗ ಭತ್ತವೂ ಇಲ್ಲ, ಚಪ್ಪರವೂ ಸಭಾಭವನಕ್ಕೆ ಹೋಗಿದೆ. ಅಂಗಳ ಕಾರು ನಿಲ್ಲುವ ಸ್ಥಳವಾಗಿದೆ. ಗೇಟಿನಿಂದ ಮೆಟ್ಟಿಲಿನವರೆಗೆ ಇಂಟರ್‌ಲಾಕ್ ಹಾಸಿದ ಮನೆಯವರೇ ಏಪ್ರಿಲಿನಲ್ಲಿ ಬಾವಿ ಬತ್ತಿತೆಂದು ದೂರುವುದನ್ನು ಕೇಳಿದ್ದೇವೆ. ಮಳೆನೀರು ಮಣ್ಣಿಗಿಳಿಯಲು ಎಡೆಯೇ ಇಲ್ಲದಿದ್ದರೆ ಬಾವಿಗೆ ಬರುವುದೆಲ್ಲಿಂದ? ಶಂಕರಪುರದ ಕಡೆಯ ನಮ್ಮ ಕ್ರೈಸ್ತ ಬಾಂಧವರು ಅಂಗಳದಂಚಿನ ಮಲ್ಲಿಗೆಯಿಂದಲೇ ಮಕ್ಕಳನ್ನು ಓದಿಸಿದವರು. ಈಚೆಗೆ ಕೆಲವರು ತಾರಸಿಯ ಮೇಲೆ ಕುಂಡಗಳಲ್ಲಿಯೂ ಮಲ್ಲಿಗೆ ಬೆಳೆಯುತ್ತಿರುವುದನ್ನು ಕಂಡು ಸಂತೋಷಪಟ್ಟಿದ್ದೇವೆ. ತಾರಸಿಗೆ ಇದೊಂದು ಒಳ್ಳೆಯ ಉಪಯೋಗ.

ಈ ಲೇಖನಕ್ಕೆ ಪ್ರೇರಣೆಯಾದ ಪ್ರಸಂಗವೊಂದನ್ನು ಹೇಳಿ ಮುಗಿಸುತ್ತೇವೆ. ಕಳೆದ ವರ್ಷ ಇಗರ್ಜಿಗೆ ಸಮೀಪದ ಒಂದು ಹಳೆಯ ಮನೆಗೆ ನಮ್ಮನ್ನು ಕರೆಸಿದರು. ಮೂವರು ಗಂಡುಮಕ್ಕಳಲ್ಲಿ ಒಬ್ಬರು ಮುಂಬಯಿಯಲ್ಲಿ, ಒಬ್ಬರು ಕುವೈತಿನಲ್ಲಿ. ಇಬ್ಬರ ಮತವೂ ಕೆಡವಿ ಹೊಸದು ಕಟ್ಟಬೇಕೆಂಬುದು. ಊರಲ್ಲಿರುವ ಕಿರಿಯವರು ಮಾತಾಡಲಿಲ್ಲ. ಎಂಬತ್ತು ದಾಟಿದ ತಾಯಿ ಮಾತ್ರ, "ಪಾದ್ರ್ಯಾಬ್, ಬಚ್ಚಲಿಗೆ ಹೋಗಲು ರಾತ್ರಿ ಅಂಗಳ ದಾಟಬೇಕು, ಅದು ನನ್ನಿಂದಾಗದು. ಆದರೆ ಆಲ್ತಾರ್ ಇರುವ ಗೋಡೆ ಬಿದ್ದ ಮೇಲೆ ನಾನಿರಬಾರದು," ಎಂದರು. ಎರಡೂ ಮಾತು ನಿಜವೇ. ಬಡಗಿಯನ್ನು ಕರೆಸಿ ಪಕ್ಕಾಸುಗಳನ್ನು ಬಡಿದು ನೋಡಿಸಿದೆವು. ಗೆದ್ದಲು ಹಿಡಿದಿದ್ದುದು ಅಡುಗೆಮನೆಯ ಕಡೆಯ ಮಾಡು ಮಾತ್ರ. ಸಾಲಿನ ಮೇಲಿನ ಮರಗಳು ಗಟ್ಟಿಯಾಗಿದ್ದವು. ಮೂರು ಸಲ ಕುಳಿತು ಮಾತಾಡಿದ ಮೇಲೆ ಒಂದು ತೀರ್ಮಾನವಾಯಿತು: ಹಿಂಭಾಗವನ್ನು ಕೆಡವಿ ಹೊಸ ಅಡುಗೆಮನೆ, ಬಚ್ಚಲು ಸೇರಿದ ಎರಡು ಮಲಗುವ ಕೋಣೆ, ಮುಂಭಾಗದಲ್ಲಿ ಸಾಲ್, ಜಗಲಿ, ಹಂಚು ಇದ್ದಂತೆಯೇ. ಮೆಟ್ಟಿಲಿನ ಪಕ್ಕದಲ್ಲಿ ತಾಯಿಗಾಗಿ ಒಂದು ಇಳಿಜಾರು. ಅಂಗಳದ ಅರ್ಧಕ್ಕೆ ಮಾತ್ರ ಹಾಸುಕಲ್ಲು. ಕುವೈತಿನವರಿಗೆ ಇದು ಪೂರ್ಣ ಒಪ್ಪಿಗೆಯಾಯಿತೆಂದು ನಾವು ಹೇಳಲಾರೆವು. ಹಣವನ್ನಂತೂ ಕಳಿಸಿದರು.

ಮೇ ತಿಂಗಳಿನಲ್ಲಿ ನಾವು ಹೋದಾಗ ಹಂಚುಗಳನ್ನೆಲ್ಲ ಇಳಿಸಿ ಅಂಗಳದಲ್ಲಿ ಸಾಲಾಗಿ ಜೋಡಿಸಿದ್ದರು. ರಜೆಗೆ ಬಂದ ಮೊಮ್ಮಕ್ಕಳು ಹಾವಸೆ ಉಜ್ಜಿ ತೊಳೆಯುತ್ತಿದ್ದರು. ಒಬ್ಬಳು ಹಂಚೊಂದನ್ನು ತಿರುಗಿಸಿ 1865 ಎಂದು ಗಟ್ಟಿಯಾಗಿ ಓದಿದಳು. ಅದು ಕಾರ್ಖಾನೆಯ ವರ್ಷವೆಂದು ನಾವು ವಿವರಿಸಹೊರಟೆವು. ಜಗಲಿಯ ಮೇಲಿಂದ ಅಜ್ಜಿ, "ಹಾಗಾದರೆ ಬರೆದದ್ದು ಸುಳ್ಳೇ, ಪಾದ್ರ್ಯಾಬ್?" ಎಂದು ಕೇಳಿದರು. ನಾವು ವಾದ ಬೆಳೆಸಲಿಲ್ಲ. ಮಳೆ ಹಿಡಿಯುವುದಕ್ಕೆ ನಾಲ್ಕು ದಿನ ಮೊದಲೇ ಹಂಚುಗಳು ಮಾಡು ಏರಿದವು.