ಇಂಗ್ಲಂಡಿನ ಕೌಂಟಿಗಳ ಎಲ್ಲೆಯೂ ವಂಶಶೋಧನೆಯೂ

ಇಂಗ್ಲಂಡಿನಲ್ಲಿ ತಮ್ಮ ಪೂರ್ವಿಕರನ್ನು ಅರಸಿ ಹೊರಡುವವರಿಗೆ ಕಾಗದಪತ್ರಗಳ ಕೊರತೆಯಿಲ್ಲ. ಎಂಟನೆಯ ಹೆನ್ರಿ ದೊರೆಯ ಮಂತ್ರಿಯಾದ ಥಾಮಸ್ ಕ್ರಾಮ್‌ವೆಲ್ಲನು, ಪ್ರತಿಯೊಂದು ಪ್ಯಾರಿಷಿನ ಪಾದ್ರಿಯೂ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡತಕ್ಕದ್ದೆಂದು 1538ರಲ್ಲಿಯೇ ವಿಧಿಸಿದನು. 1837ನೆಯ ಜುಲೈ 1ರಿಂದ ಜನನಮರಣಗಳ ಸರ್ಕಾರಿ ನೋಂದಣಿಯೂ ಮೊದಲಾಯಿತು. ಇಷ್ಟಿದ್ದೂ ಅನೇಕರ ವಂಶಾವಳಿಯು ನಡುವೆ ಕಡಿದುಹೋಗುವುದುಂಟು. ಕಾಗದವು ನಷ್ಟವಾದುದೇ ಯಾವಾಗಲೂ ಇದಕ್ಕೆ ಕಾರಣವಲ್ಲ. ಊರು ಇದ್ದಲ್ಲಿಯೇ ಇದ್ದು, ಅದು ಸೇರಿದ ಕೌಂಟಿ, ಎಂದರೆ ನಮ್ಮ ಜಿಲ್ಲೆಯಂತಹ ಸೀಮೆಯು, ಬದಲಾಗಿರುವುದೂ ಒಂದು ಕಾರಣ.

ಇದಕ್ಕೆ ಡರ್ಹಮ್ ಸೀಮೆಗಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ. ಟ್ವೀಡ್ ನದಿಯ ದಡದಲ್ಲಿ, ಸ್ಕಾಟ್ಲಂಡಿಗೆ ಎದುರಾಗಿ, ನಾರ್ಹಮ್ ಎಂಬ ಗ್ರಾಮವಿದೆ. ಅದರ ಸುತ್ತಣ ನಾರ್ಹಮ್‌ಷೈರು, ಕಡಲಂಚಿನ ಐಲೆಂಡ್‌ಷೈರು, ತೆಂಕಣ ಬೆಡ್ಲಿಂಗ್ಟನ್‌ಷೈರು, ಇವು ಮೂರೂ ನಾರ್ತಂಬರ್ಲೆಂಡಿನ ನೆಲಕ್ಕೆ ಅಂಟಿಕೊಂಡಿದ್ದರೂ ಡರ್ಹಮಿಗೆ ಸೇರಿದ್ದುವು. ಯಾರ್ಕ್‌ಷೈರಿನ ಒಳಗಿದ್ದ ಕ್ರೇಕ್ ಗ್ರಾಮವೂ ಹಾಗೆಯೇ. ನಕ್ಷೆಯನ್ನು ನೋಡಿದವರಿಗೆ ಇದು ಹುಚ್ಚಾಟವೆಂದು ತೋರೀತು. ಆದರೆ ಇದಕ್ಕೆ ಮೂಲವುಂಟು. ಸಂತ ಕತ್‌ಬರ್ಟನು ಏಳನೆಯ ಶತಮಾನದಲ್ಲಿ ಲಿಂಡಿಸ್‌ಫಾರ್ನ್ ದ್ವೀಪದ ಬಿಷಪನಾಗಿದ್ದನು. ಕ್ರೇಕ್ ಗ್ರಾಮವನ್ನು 685ರಲ್ಲಿ ಅರಸನು ಅವನಿಗೆ ದಾನಮಾಡಿದನೆಂದು ಪ್ರತೀತಿ. ಡೇನರ ಹಾವಳಿಗೆ ಅಂಜಿ 875ರಲ್ಲಿ ಸನ್ಯಾಸಿಗಳು ಸಂತನ ದೇಹವನ್ನು ಹೊತ್ತುಕೊಂಡು ದ್ವೀಪವನ್ನು ಬಿಟ್ಟರು. ಅದು ಡರ್ಹಮಿಗೆ ಬಂದು ನೆಲೆಗೊಂಡುದು 995ರಲ್ಲಿ. ಸಂತನ ದತ್ತಿಭೂಮಿಯು ಎಲ್ಲೆಲ್ಲಿತ್ತೋ ಅಲ್ಲೆಲ್ಲ ಡರ್ಹಮಿನ ಬಿಷಪರ ಆಳ್ವಿಕೆ ನಡೆಯಿತು. ಹೀಗೆ ದೇವರ ಮಾನ್ಯವೇ ಸೀಮೆಯ ಮೇರೆಯಾಗಿ ನಿಂತಿತು.

1844ರಲ್ಲಿ ಪಾರ್ಲಿಮೆಂಟು ಒಂದು ಶಾಸನದಿಂದ ಈ ತುಂಡುಗಳನ್ನು ಕತ್ತರಿಸಿ, ಮೊದಲ ಮೂರನ್ನು ನಾರ್ತಂಬರ್ಲೆಂಡಿಗೂ ಕ್ರೇಕನ್ನು ಯಾರ್ಕ್‌ಷೈರಿಗೂ ಸೇರಿಸಿಬಿಟ್ಟಿತು. ಆಡಳಿತಕ್ಕೆ ಇದರಿಂದ ಅನುಕೂಲವಾಯಿತೆಂಬುದರಲ್ಲಿ ಸಂದೇಹವಿಲ್ಲ. ವಂಶಶೋಧಕನ ಪಾಡು ಮಾತ್ರ ಬೇರೆ.

ನಾರ್ಹಮಿನಲ್ಲಿ ಹುಟ್ಟಿ, ನೆರೆಯ ನಾರ್ತಂಬರ್ಲೆಂಡಿನ ಫೋರ್ಡ್ ಗ್ರಾಮದಲ್ಲಿ ಕೂಲಿಮಾಡಿಕೊಂಡಿದ್ದವನೊಬ್ಬನನ್ನು ವಾಚಕರು ಭಾವಿಸಿಕೊಳ್ಳಲಿ. 1841ರ ಖಾನೇಷುಮಾರಿಯಲ್ಲಿ ಕೇಳಿದುದು ಇಷ್ಟೇ: ವಾಸವಾಗಿರುವ ಕೌಂಟಿಯಲ್ಲಿಯೇ ಹುಟ್ಟಿದವನೋ ಅಲ್ಲವೋ? ಅವನ ಸರಿಯಾದ ಉತ್ತರ, ಅಲ್ಲ. 1851ರಲ್ಲಿ ಹುಟ್ಟಿದ ಪ್ಯಾರಿಷನ್ನೂ ಕೌಂಟಿಯನ್ನೂ ಕೇಳಿದರು. ಆಗ ನಾರ್ತಂಬರ್ಲೆಂಡಿನ ನಾರ್ಹಮ್ ಎಂಬುದೇ ಸರಿಯಾದ ಉತ್ತರ. ಮನುಷ್ಯನೊಬ್ಬನೇ, ಗುಡಿಸಲೂ ಒಂದೇ; ಹೇಳಿಕೆ ಎರಡು, ಎರಡೂ ಸತ್ಯ. ಮರಿಮಗನಾದರೋ ಇವರು ಇಬ್ಬರೆಂದು ಬಗೆದು, ಒಬ್ಬನನ್ನು ಕೈಬಿಟ್ಟು, ದೂರದ ಕೌಂಟಿಯಲ್ಲಿ ಅದೇ ಹೆಸರಿನ ಬೇರೊಬ್ಬನನ್ನು ತನ್ನ ಮುತ್ತಜ್ಜನೆಂದು ಬರೆದುಕೊಳ್ಳಬಹುದು. ಅಲ್ಲಿಂದ ಮುಂದೆ ಅವನು ಏರುವ ಪ್ರತಿಯೊಂದು ತಲೆಮಾರೂ ಪರರದು. ಏನೂ ಸಿಕ್ಕದಿದ್ದರೆ ಇಷ್ಟು ಹಾನಿಯಾಗುತ್ತಿರಲಿಲ್ಲ.

ಜನನದ ನೋಂದಣಿಯಲ್ಲಿ ತೊಡಕು ಇನ್ನೊಂದು ಬಗೆಯದು. ನೋಂದಣಿಯ ವಿಭಾಗಗಳು 1834ರ ಬಡವರ ಕಾಯಿದೆಯ ಕೂಟಗಳನ್ನು ಅನುಸರಿಸಿದುವೇ ಹೊರತು ಕೌಂಟಿಯ ಗೆರೆಯನ್ನಲ್ಲ. ಆದುದರಿಂದ ನಾರ್ಹಮಿನ ಶಿಶುಗಳು, ಊರು ಇನ್ನೂ ಡರ್ಹಮಿಗೆ ಸೇರಿದ್ದಾಗಲೇ, ಬೆರಿಕ್ ವಿಭಾಗದಲ್ಲಿ ದಾಖಲಾದುವು.

ಇಂತಹ ಊರುಗಳು ಇನ್ನೂ ಉಂಟು. ವುಸ್ಟರ್‌ಷೈರಿಗೆ ಸೇರಿದ್ದ ಷಿಪ್ಸ್‌ಟನ್ 1931ರಲ್ಲಿ ವಾರಿಕ್‌ಷೈರಿಗೆ ಹೋಯಿತು. 1974ರ ಏಪ್ರಿಲ್ 1ರಂದು ಬರ್ಕ್‌ಷೈರಿನ ಆಬಿಂಗ್ಡನ್ ಆಕ್ಸ್‌ಫರ್ಡ್‌ಷೈರಿಗೂ, ಹ್ಯಾಂಪ್‌ಷೈರಿನ ಬೋರ್ನ್‌ಮತ್ ಡಾರ್ಸೆಟ್ಟಿಗೂ ಸೇರಿದುವು. ಪುಟ್ಟ ರಟ್‌ಲಂಡು ಅಂದು ಅಳಿದು 1997ರಲ್ಲಿ ಮತ್ತೆ ತಲೆಯೆತ್ತಿತು.

ಪ್ಯಾರಿಷಿನ ಹೆಸರನ್ನು ಹಿಡಿದು, ಆಯಾ ಇಸವಿಯಲ್ಲಿ ಅದು ಯಾರ ಅಧಿಕಾರಕ್ಕೆ ಒಳಪಟ್ಟಿತ್ತೆಂದು ಮೊದಲು ವಿಚಾರಿಸುವುದೇ ಇಲ್ಲಿ ಭದ್ರವಾದ ದಾರಿ. ಆ ಅಧಿಕಾರವೂ ಕೌಂಟಿಯದೇ ಆಗಿರಬೇಕೆಂದಿಲ್ಲ. 1858ರವರೆಗೆ ಮರಣಶಾಸನಗಳನ್ನು ಸ್ಥಿರಪಡಿಸುತ್ತಿದ್ದುವು ಧರ್ಮಾಧಿಕಾರಿಗಳ ನ್ಯಾಯಸ್ಥಾನಗಳು. ಅವುಗಳ ಮೇರೆಯೇ ಬೇರೆ. ಡರ್ಹಮಿನ ಧರ್ಮಪ್ರಾಂತವು ಎರಡು ಕೌಂಟಿಗಳನ್ನೂ ಒಳಗೊಂಡಿತ್ತು. ನಾರ್ತಂಬರ್ಲೆಂಡಿಗೆ ನ್ಯೂಕಾಸಲ್ಲಿನ ಬಿಷಪರು ಬಂದುದು 1882ರಲ್ಲಿ. ನಾರ್ಹಮ್ ಗ್ರಾಮವು ಕೌಂಟಿಯನ್ನು ಕಳೆದುಕೊಂಡಿತು, ಬಿಷಪರನ್ನೂ ಬದಲಿಸಿತು. ಅಲ್ಲಿ ಹಿಂದೆ ಬಾಳಿದ ಬೇಸಾಯಗಾರರ ಮರಣಶಾಸನಗಳು ಮಾತ್ರ ಡರ್ಹಮನ್ನು ಬಿಟ್ಟು ಕದಲಲಿಲ್ಲ. ಅಲ್ಲಿಯ ವಿಶ್ವವಿದ್ಯಾನಿಲಯದ ಪುಸ್ತಕಭಂಡಾರದಲ್ಲಿ ಅವು ಇಂದಿಗೂ ಇವೆ.