ಬೀಗದ ಕೈ ಯಾರ ಬಳಿ?

ನಮ್ಮ ಬೀದಿಯ ಹುಡುಗರು ಸೇರಿ ಹಿಂದೊಮ್ಮೆ ಒಂದು ವಾಚನಾಲಯ ತೆರೆದಿದ್ದೆವು. ಉರ್ದು, ಕನ್ನಡ ಎರಡೂ ಪತ್ರಿಕೆಗಳು ಬರುತ್ತಿದ್ದವು. ಮೂರು ತಿಂಗಳು ಮದುವೆ ಮನೆಯ ಸಂಭ್ರಮ. ಆಮೇಲೆ ಬೀಗದ ಕೈ ಒಬ್ಬನ ಜೇಬಿನಲ್ಲೇ ಉಳಿಯಿತು. ಅವನು ಕೆಲಸ ಹುಡುಕಿಕೊಂಡು ಊರು ಬಿಟ್ಟ ದಿನ ವಾಚನಾಲಯವೂ ಮುಚ್ಚಿತು. ಸಂಬಳವಿಲ್ಲದೆ ದುಡಿಯುವವರನ್ನು ಸೇರಿಸುವುದು ಸುಲಭ, ಉಳಿಸಿಕೊಳ್ಳುವುದೇ ಕಷ್ಟ. ನೆರೆಯ ಕೇರಳದ ಗ್ರಂಥಾಲಯ ಚಳವಳಿಯ ಚರಿತ್ರೆ ಓದುವಾಗಲೆಲ್ಲ ನನಗೆ ಆ ಬೀಗದ ಕೈ ನೆನಪಾಗುತ್ತದೆ.

ಆ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ ಶಾಲಾ ಮಾಸ್ತರರು. 1909ರಲ್ಲಿ ನೀಲಂಪೇರೂರಿನಲ್ಲಿ ಹುಟ್ಟಿದ ಅವರು ಹರೆಯದಲ್ಲೇ ಊರಿನಲ್ಲೊಂದು ಗ್ರಂಥಾಲಯ ಆರಂಭಿಸಿದ್ದರು. 1945ರಲ್ಲಿ ಅಂಬಲಪುಳದಲ್ಲಿ 47 ಗ್ರಂಥಾಲಯಗಳು ಒಂದುಗೂಡಿ ತಿರುವಾಂಕೂರು ಗ್ರಂಥಶಾಲಾ ಸಂಘ ಹುಟ್ಟಿತು. ಉದ್ಘಾಟಿಸಿದವರು ದಿವಾನ ಸರ್ ಸಿ.ಪಿ. ರಾಮಸ್ವಾಮಿ ಅಯ್ಯರ್. ಮರುವರ್ಷವೇ, ಅಲ್ಲಿಂದ ಕೂಗಳತೆಯ ಪುನ್ನಪ್ರದಲ್ಲಿ ಕಾರ್ಮಿಕರ ಮೇಲೆ ಗುಂಡು ಹಾರಿಸಿದ್ದು ಇದೇ ದಿವಾನರ ಆಡಳಿತ!

ಪಣಿಕ್ಕರ್ ಊರೂರು ತಿರುಗಿದರು, ಮನೆ ಮನೆಯಿಂದ ಪುಸ್ತಕ ಬೇಡಿ ತಂದರು. ಅದೆಲ್ಲ ಎಲ್ಲರೂ ಹೇಳುವ ಕಥೆ. ನನಗೆ ಮುಖ್ಯವೆನಿಸುವುದು ಅದರ ಹಿಂದಿನ ಲೆಕ್ಕಾಚಾರ. ಓದುಗ ಚಂದಾ ಕೊಟ್ಟು ಸದಸ್ಯನಾಗುತ್ತಾನೆ. ಸದಸ್ಯರು ಆಡಳಿತ ಸಮಿತಿಯನ್ನು ಚುನಾಯಿಸುತ್ತಾರೆ. ಸಂಜೆ ಬಾಗಿಲು ತೆರೆಯುವವನು, ಪುಸ್ತಕ ಕೊಡುವವನು ಆ ಸಮಿತಿಗೆ ಉತ್ತರ ಹೇಳಬೇಕು. ಮಹಾಸಭೆಯಲ್ಲಿ ಲೆಕ್ಕ ಮಂಡಿಸಬೇಕು. ಸರಕಾರದ ಅನುದಾನವೂ ಗ್ರಂಥಾಲಯಕ್ಕೆ ಸಿಕ್ಕಿದ ದರ್ಜೆಯನ್ನು ನೋಡಿಯೇ ಬರುತ್ತದೆ. ಹಾಗಾಗಿ ಒಬ್ಬ ಊರು ಬಿಟ್ಟರೂ ಬೀಗದ ಕೈ ಊರಲ್ಲೇ ಇರುತ್ತದೆ. ಪುಕ್ಕಟೆ ದುಡಿಯುವವನಿಗೆ ಕಸ ಗುಡಿಸುವ ಕೆಲಸ ಮಾತ್ರವಲ್ಲ, ಯಾವ ಪುಸ್ತಕ ಕೊಳ್ಳಬೇಕೆಂದು ವಾದಿಸುವ ಹಕ್ಕೂ ಇತ್ತು.

ಹಕ್ಕಿದ್ದಲ್ಲಿ ಜಗಳವೂ ಇರುತ್ತದೆ. ರಾಜಕೀಯ ನುಸುಳಿತು. 1975ರಲ್ಲಿ ಯುನೆಸ್ಕೋದ ಕ್ರುಪ್ಸ್ಕಾಯ ಪ್ರಶಸ್ತಿ ಪಡೆದ ಸಂಘವನ್ನು 1977ರಲ್ಲಿ ಸರಕಾರ ತನ್ನ ವಶಕ್ಕೆ ತೆಗೆದುಕೊಂಡಿತು. ಪಣಿಕ್ಕರ್ ಹೊರಬಂದು 'ಕಾನ್‌ಫೆಡ್' ಸ್ಥಾಪಿಸಿ ಅಕ್ಷರ ಕಲಿಸುವ ಕೆಲಸಕ್ಕೆ ಇಳಿದರು. 1989ರ ಕಾಯ್ದೆ ಬಂದ ಮೇಲೆ ಮತ್ತೆ ತಾಲೂಕು, ಜಿಲ್ಲೆ, ರಾಜ್ಯ ಮಟ್ಟದಲ್ಲಿ ಚುನಾಯಿತ ಕೌನ್ಸಿಲುಗಳಾದವು. 1995ರ ಜೂನ್ 19ರಂದು ಪಣಿಕ್ಕರ್ ತೀರಿಕೊಂಡರು. ಅಲ್ಲಿ ಆ ದಿನವೇ ಈಗ ವಾಚನಾ ದಿನ.

ನಮ್ಮಲ್ಲಿ 1965ರ ಕಾಯ್ದೆ ಬೇರೆ ದಾರಿ ಹಿಡಿಯಿತು. ಇಲಾಖೆ ಬಂತು, ಗ್ರಂಥಾಲಯ ಕರ ಬಂತು, ಊರೂರಿಗೆ ಕಟ್ಟಡಗಳೂ ಬಂದವು. ಅದನ್ನು ಅಲ್ಲಗಳೆಯಲಾರೆ. ಆದರೆ ನಮ್ಮೂರ ಗ್ರಂಥಾಲಯ ಯಾರದ್ದು ಎಂದು ಕೇಳಿದರೆ 'ಸರಕಾರದ್ದು' ಎನ್ನುತ್ತೇವೆ. 1956ರಲ್ಲಿ ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಕನ್ನಡಿಗರು ಈ ಎರಡು ದಾರಿಗಳನ್ನೂ ಹತ್ತಿರದಿಂದ ಕಂಡವರು.

ಕೇರಳದ್ದೂ ಸ್ವರ್ಗವೇನಲ್ಲ. ಗ್ರಾಮ ಗ್ರಂಥಪಾಲಕನ ಕೈಗೆ ಬರುವ ಗೌರವಧನದಲ್ಲಿ ಸಂಸಾರ ಸಾಗದು. 'ಸೇವೆ' ಎಂಬ ದೊಡ್ಡ ಶಬ್ದದ ಮರೆಯಲ್ಲಿ ಕೂಲಿಯನ್ನು ಬಚ್ಚಿಡುವ ಚಾಳಿ ಅಲ್ಲಿಯೂ ಇದೆ. ಗ್ರಂಥಾಲಯಕ್ಕೆ ಬರಲಾಗದ ಹೆಂಗಸರಿಗಾಗಿ ಅಲ್ಲೊಂದು ಯೋಜನೆಯಿದೆ. ಪುಸ್ತಕಗಳನ್ನು ಚೀಲದಲ್ಲಿ ಹೊತ್ತು ಮನೆ ಬಾಗಿಲಿಗೆ ಒಯ್ಯುವವರೂ ಹೆಂಗಸರೇ. ಅವರಿಗೂ ಸಿಗುವುದು ಗೌರವಧನವೇ.